ಗೃಹಸಾಲಕ್ಕೆ ಮುಂಚೆ ಹೊಸ ಕ್ರೆಡಿಟ್ ಕಾರ್ಡ್ ಪಡೆದರೆ ಸಿಬಿಲ್ ಅಂಕ ಇಳಿಯುತ್ತದೆಯೇ?

ಪ್ರಶ್ನೆ: ರೈಲು ಪ್ರಯಾಣಿಕೆ, ಮಂಡ್ಯ

ಎಲ್ಲರಿಗೂ ನಮಸ್ಕಾರ. ಉತ್ತರಿಸುವವರಿಗೆ ಸುಲಭವಾಗಲಿ ಎಂದು ಲೆಕ್ಕವನ್ನೆಲ್ಲ ಮೊದಲೇ ಹೇಳಿಬಿಡುತ್ತೇನೆ.

ಮಂಡ್ಯದ ಕಲ್ಲಹಳ್ಳಿಯಲ್ಲಿ ನಮಗೆ ಮೂವತ್ತು-ನಲವತ್ತರ ನಿವೇಶನವಿದೆ. ಮಾವನವರಿಂದ ನನ್ನ ಮತ್ತು ಯಜಮಾನರ ಹೆಸರಿಗೆ ವರ್ಗವಾಗಿ, ಇ-ಖಾತೆಯೂ ಕೈಸೇರಿದೆ. ಬರುವ ಯುಗಾದಿ ಕಳೆದ ಮೇಲೆ 30 ಲಕ್ಷ ರೂಪಾಯಿ ಸಾಲಕ್ಕೆ ಅರ್ಜಿ ಹಾಕಿ ಪಾಯ ತೆಗೆಸಬೇಕೆಂದು ತೀರ್ಮಾನಿಸಿದ್ದೇವೆ. ನಾನು ದಿನವೂ ರೈಲಿನಲ್ಲಿ ಮೈಸೂರಿಗೆ ಹೋಗಿ ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಕೈಗೆ ಬರುವ ಸಂಬಳ 46,000. ಯಜಮಾನರದು 38,000. ಸಾಲ ಇಬ್ಬರ ಹೆಸರಿನಲ್ಲೂ ಇರುತ್ತದೆ.

ನನ್ನ ಬಳಿ ಇರುವುದು ಒಂದೇ ಕ್ರೆಡಿಟ್ ಕಾರ್ಡ್. ಸಂಬಳ ಬರುವ ಬ್ಯಾಂಕಿನವರೇ 2017ರಲ್ಲಿ ಕೊಟ್ಟದ್ದು. ಮಿತಿ 80,000. ದಿನಸಿ, ವಿದ್ಯುತ್ ಬಿಲ್, ಮಗನ ಶಾಲೆಯ ಶುಲ್ಕ ಎಲ್ಲ ಸೇರಿ ತಿಂಗಳಿಗೆ 35,000ದಷ್ಟು ಅದರಲ್ಲೇ ಖರ್ಚು ಮಾಡುತ್ತೇನೆ, ಬಿಲ್ ಬಂದ ಕೂಡಲೇ ಪೂರ್ತಿ ಕಟ್ಟುತ್ತೇನೆ. ಒಂದು ತಿಂಗಳೂ ತಪ್ಪಿಲ್ಲ. ಸಾಲ ತೀರಿಸುವ ಶಿಸ್ತು ನೋಡಿ ಕೊಡುವ ಸಿಬಿಲ್ ಅಂಕ ಈಗ 768.

ಮಾಘದಲ್ಲಿ ತಂಗಿಯ ಮದುವೆ. ಸೀರೆ, ಪಾತ್ರೆ, ಛತ್ರದ ಮುಂಗಡ ಎಂದು ನಮ್ಮ ಪಾಲಿಗೆ ಒಂದೂವರೆ ಲಕ್ಷದಷ್ಟು ಖರ್ಚಿದೆ. ಹಣ ಕೂಡಿಟ್ಟಿದ್ದೇವೆ, ಕೊರತೆಯಿಲ್ಲ. ಆದರೆ ಇದೇ ಹೊತ್ತಿಗೆ ಎರಡು ಕಡೆಯಿಂದ ಹೊಸ ಕಾರ್ಡ್ ಕೊಡುವ ಮಾತು ಬಂದಿದೆ. ನನ್ನದೇ ಬ್ಯಾಂಕಿನ ಆ್ಯಪ್‌ನಲ್ಲಿ ಎರಡು ಲಕ್ಷ ಮಿತಿಯ ಕಾರ್ಡ್ ನಿಮಗಾಗಿ ಸಿದ್ಧವಿದೆ ಎಂದು ತೋರಿಸುತ್ತಿದೆ. ಮೈಸೂರಿನ ಒಂದು ಮಾಲ್‌ನಲ್ಲಿ ಮೇಜು ಹಾಕಿಕೊಂಡು ಕೂತಿದ್ದ ಹುಡುಗ ಬೇರೆ ಬ್ಯಾಂಕಿನ ಕಾರ್ಡ್ ಕೊಡುತ್ತೇನೆ, ಆಧಾರ್ ಮತ್ತು ಪ್ಯಾನ್ ಸಾಕು, ಜೀವನಪೂರ್ತಿ ಉಚಿತ ಎಂದ.

ರೈಲಿನಲ್ಲಿ ಜೊತೆಗೆ ಬರುವವರಲ್ಲಿ ಒಬ್ಬರು, ಕಾರ್ಡ್ ಹೆಚ್ಚಿದ್ದಷ್ಟೂ ಅಂಕ ಏರುತ್ತದೆ, ಎರಡನ್ನೂ ತೆಗೆದುಕೊಳ್ಳಿ ಎನ್ನುತ್ತಾರೆ. ಇನ್ನೊಬ್ಬರು, ಗೃಹಸಾಲಕ್ಕೆ ಮುಂಚೆ ಕಾರ್ಡ್ ಮುಟ್ಟಲೇಬೇಡಿ, ಇರುವುದನ್ನೂ ಮುಚ್ಚಿಸಿ ಎನ್ನುತ್ತಾರೆ. ಇಬ್ಬರೂ ತಿಳಿದವರೇ. ಯಾರ ಮಾತು ನಂಬಲಿ?

ಉತ್ತರ 1: ಸರಸ್ವತಿಪುರಂ ಓದುಗ

ಮೇಡಂ, ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ಕಳೆದ ವರ್ಷ ಎರಡನೆಯ ಕಾರ್ಡ್ ಪಡೆದಾಗ ನನ್ನ ಅಂಕ 781 ಇದ್ದದ್ದು 769ಕ್ಕೆ ಇಳಿಯಿತು. ಗಾಬರಿಯಾಗಿತ್ತು. ಎರಡೂ ಕಾರ್ಡಿನ ಬಿಲ್ ಸರಿಯಾಗಿ ಕಟ್ಟುತ್ತ ಬಂದೆ, ಕೆಲವು ತಿಂಗಳಲ್ಲಿ ಮೊದಲಿಗಿಂತ ಮೇಲಕ್ಕೇ ಹೋಯಿತು. ಒಂದು ಕಾರ್ಡ್‌ನಿಂದ ಆಕಾಶವೇನೂ ಕಳಚಿ ಬೀಳುವುದಿಲ್ಲ. ಆದರೆ ಎರಡನ್ನೂ ಒಟ್ಟಿಗೆ ಖಂಡಿತ ಬೇಡ. ಹಳೆಯದನ್ನು ಮುಚ್ಚುವುದಂತೂ ಬೇಡವೇ ಬೇಡ.

ಉತ್ತರ 2: ನಿವೃತ್ತ ಸಾಲಾಧಿಕಾರಿ, ಮಂಡ್ಯ

ತಾಯಿ, ನಿಮ್ಮ ಪ್ರಶ್ನೆ ಓದಿ ಸಂತೋಷವಾಯಿತು. ಅರ್ಜಿ ಹಾಕುವುದಕ್ಕೆ ಏಳೆಂಟು ತಿಂಗಳು ಮೊದಲೇ ಇದನ್ನು ಕೇಳುವವರು ಬಹಳ ಕಡಿಮೆ. ಸಾಲ ತಿರಸ್ಕೃತವಾದ ಮೇಲೆ ಬಂದು ಎದುರು ಕುರ್ಚಿಯಲ್ಲಿ ಕೂತು ಕಣ್ಣೀರು ಹಾಕಿದವರನ್ನು ಸೇವೆಯ ಉದ್ದಕ್ಕೂ ನೋಡಿದ್ದೇನೆ. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ನಿಮ್ಮ ಸಹಪ್ರಯಾಣಿಕರಿಬ್ಬರೂ ಅರ್ಧ ಸರಿ. ಹೊಸ ಕಾರ್ಡ್ ಅಂಕವನ್ನು ಒಂದು ಕಡೆ ಇಳಿಸುತ್ತದೆ, ಇನ್ನೊಂದು ಕಡೆ ಏರಿಸುತ್ತದೆ. ಇಳಿಕೆ ಮೊದಲು ಬರುತ್ತದೆ, ಏರಿಕೆ ನಿಧಾನವಾಗಿ ಬರುತ್ತದೆ. ಆ ನಡುವಿನ ಅವಧಿಯಲ್ಲಿ ಗೃಹಸಾಲದ ಅರ್ಜಿ ಹೋಗಬಾರದು, ಅಷ್ಟೇ.

ಇಳಿಯುವುದು ಹೇಗೆಂದು ಮೊದಲು ನೋಡೋಣ. ನೀವು ಕಾರ್ಡ್‌ಗೆ ಅರ್ಜಿ ಹಾಕಿದ ಕೂಡಲೇ ಆ ಬ್ಯಾಂಕು ಸಿಬಿಲ್‌ನಂತಹ ಸಂಸ್ಥೆಯಿಂದ ನಿಮ್ಮ ಸಾಲ, ಪಾವತಿಗಳ ವರದಿಯನ್ನು ತರಿಸಿಕೊಳ್ಳುತ್ತದೆ. ಅದು ವರದಿಯಲ್ಲಿ ವಿಚಾರಣೆ ಎಂದು ದಿನಾಂಕ, ಉದ್ದೇಶ, ಮೊತ್ತದ ಸಮೇತ ದಾಖಲಾಗುತ್ತದೆ. ಕಾರ್ಡ್ ಸಿಕ್ಕರೂ ಸಿಗದಿದ್ದರೂ ಆ ದಾಖಲೆ ಉಳಿಯುತ್ತದೆ. ಒಂದು ವಿಚಾರಣೆಗೆ ಅಂಕ ಸ್ವಲ್ಪವೇ ಇಳಿಯುತ್ತದೆ. ಆದರೆ ಒಂದೇ ತಿಂಗಳಲ್ಲಿ ಮೂರು ನಾಲ್ಕು ಕಡೆ ವಿಚಾರಣೆ ನಡೆದಿದ್ದರೆ, ಈ ಮನೆಯಲ್ಲಿ ಹಣಕ್ಕೆ ಏನೋ ತಾಪತ್ರಯವಿದೆ ಎಂದು ಅಧಿಕಾರಿಗೆ ಅನುಮಾನ ಬರುತ್ತದೆ. ಅಂಕ ಚೆನ್ನಾಗಿದ್ದರೂ ವಿಚಾರಣೆಯ ಪುಟ ನೋಡಿ ನಾನೇ ಎಷ್ಟೋ ಜನರನ್ನು ಕರೆದು ಕಾರಣ ಕೇಳಿದ್ದೇನೆ. ನಿಮ್ಮ ವರದಿಯನ್ನು ನೀವೇ ತೆಗೆದು ನೋಡಿದರೆ ಅಂಕ ಇಳಿಯುವುದಿಲ್ಲ. ಆ ಭಯದಿಂದ ವರದಿಯನ್ನೇ ನೋಡದೆ ಕೂರುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಎರಡನೆಯದು ಖಾತೆಗಳ ವಯಸ್ಸು. 2017ರ ನಿಮ್ಮ ಕಾರ್ಡ್ ಇಷ್ಟು ವರ್ಷ ಒಂದೂ ಕಪ್ಪುಚುಕ್ಕೆಯಿಲ್ಲದೆ ನಡೆದಿದೆ. ಹೊಸ ಖಾತೆ ಸೇರಿದ ದಿನ ನಿಮ್ಮ ಖಾತೆಗಳ ಸರಾಸರಿ ವಯಸ್ಸು ಅರ್ಧಕ್ಕೆ ಬರುತ್ತದೆ, ಎರಡು ಸೇರಿದರೆ ಮೂರನೇ ಒಂದು ಭಾಗಕ್ಕೆ. ಇದೂ ಕಾಲ ಕಳೆದಂತೆ ಸರಿಹೋಗುವ ವಿಷಯವೇ.

ಇನ್ನು ಏರುವ ಬಗೆ. ನಿಮ್ಮ ಮಿತಿ 80,000, ಬಳಕೆ 35,000. ಅಂದರೆ ಮಿತಿಯ ಶೇಕಡಾ 44ರಷ್ಟು. ನೀವು ಪ್ರತಿ ತಿಂಗಳೂ ಪೂರ್ತಿ ಕಟ್ಟುತ್ತೀರಿ, ಒಂದು ಪೈಸೆ ಬಡ್ಡಿ ಕೊಡುವುದಿಲ್ಲ. ಆದರೂ ಬಿಲ್ಲಿನ ಮೊತ್ತವೇ ಬಾಕಿಯೆಂದು ವರದಿಗೆ ಹೋಗುತ್ತದೆ. ಇದು ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ. ಬಳಕೆ ಶೇಕಡಾ 30ರ ಒಳಗಿರಲಿ ಎಂಬುದು ರೂಢಿಯ ಸಲಹೆ. ಎರಡು ಲಕ್ಷದ ಹೊಸ ಕಾರ್ಡ್ ಬಂದರೆ ಒಟ್ಟು ಮಿತಿ 2,80,000 ಆಗಿ, ಅದೇ 35,000 ಖರ್ಚು ಶೇಕಡಾ 12.5ಕ್ಕೆ ಇಳಿಯುತ್ತದೆ. ಕಾರ್ಡ್ ಹೆಚ್ಚಿದರೆ ಅಂಕ ಏರುತ್ತದೆ ಎನ್ನುವವರ ಮಾತಿನಲ್ಲಿರುವ ಸತ್ಯ ಇದು. ಆದರೆ ಇದು ಖರ್ಚು ಹೆಚ್ಚದವರಿಗೆ ಮಾತ್ರ ಅನ್ವಯಿಸುತ್ತದೆ.

ಅದೇ ಕಾರಣಕ್ಕೆ ಹಳೆಯ ಕಾರ್ಡ್ ಮುಚ್ಚಿಸಿ ಎನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ನಿಮ್ಮ ಬಳಿ ಇರುವ ಏಕೈಕ ಒಳ್ಳೆಯ ಸಾಕ್ಷಿ ಆ ಕಾರ್ಡ್. ಸಾಲ ಕೇಳಲು ಹೋಗುವ ಹೊತ್ತಿಗೆ ಸಾಕ್ಷಿಯನ್ನೇ ಮನೆಗೆ ಕಳುಹಿಸಬಾರದು.

ಹಾಗಾದರೆ ಏನು ಮಾಡಬೇಕು? ನಾನು ನಿಮ್ಮ ಜಾಗದಲ್ಲಿದ್ದರೆ ಎರಡು ಕಾರ್ಡನ್ನೂ ಬಿಟ್ಟು, ಹಳೆಯ ಕಾರ್ಡಿನ ಮಿತಿ ಹೆಚ್ಚಿಸಿ ಎಂದು ಬ್ಯಾಂಕನ್ನು ಕೇಳುತ್ತಿದ್ದೆ. ಸಂಬಳದ ಖಾತೆ ಅಲ್ಲೇ ಇದೆ, ಇಷ್ಟು ವರ್ಷದ ಪಾವತಿ ಅವರ ಕಣ್ಣಮುಂದೆಯೇ ಇದೆ. ಮಿತಿ ಹೆಚ್ಚಿದರೆ ಹೊಸ ಖಾತೆ ಹುಟ್ಟುವುದಿಲ್ಲ, ವಯಸ್ಸಿನ ಸರಾಸರಿ ಕದಲುವುದಿಲ್ಲ, ಬಳಕೆಯ ಶೇಕಡಾವಾರು ಮಾತ್ರ ಇಳಿಯುತ್ತದೆ. ಇದಕ್ಕಾಗಿ ವರದಿಯನ್ನು ಹೊಸದಾಗಿ ತರಿಸುತ್ತೀರಾ ಎಂದು ಮೊದಲೇ ಕೇಳಿಕೊಳ್ಳಿ. ಅದೂ ಆಗದಿದ್ದರೆ ಇನ್ನೊಂದು ದಾರಿಯಿದೆ. ಬಿಲ್ ತಯಾರಾಗುವ ದಿನಕ್ಕೆ ಮೂರು ನಾಲ್ಕು ದಿನ ಮುಂಚೆ 20,000 ಕಟ್ಟಿಬಿಡಿ. ಆಗ ಬಿಲ್ಲಿನಲ್ಲಿ ಉಳಿಯುವುದು 15,000 ಮಾತ್ರ, ವರದಿಗೆ ಹೋಗುವುದೂ ಅಷ್ಟೇ. ಖರ್ಚಿಲ್ಲದ, ಅರ್ಜಿಯಿಲ್ಲದ ಉಪಾಯ ಇದು.

ಹೊಸ ಕಾರ್ಡ್ ಬೇಕೇ ಬೇಕು ಎಂದಾದರೆ ನಿಮ್ಮ ಬ್ಯಾಂಕಿನದನ್ನು ಮಾತ್ರ, ಈ ಶ್ರಾವಣದಲ್ಲೇ ತೆಗೆದುಕೊಳ್ಳಿ. ಆಮೇಲೆ ಯುಗಾದಿಯವರೆಗೆ ಯಾವ ಅರ್ಜಿಯೂ ಬೇಡ. ಕಂತಿನಲ್ಲಿ ಮೊಬೈಲ್, ಆ್ಯಪ್‌ನಲ್ಲಿ ಈಗ ಕೊಂಡು ಆಮೇಲೆ ಕಟ್ಟುವ ಸೌಲಭ್ಯ, ಇವೂ ಸಾಲದ ಲೆಕ್ಕಕ್ಕೇ ಸೇರುತ್ತವೆ ಎಂಬುದು ನೆನಪಿರಲಿ. ಸಿದ್ಧವಿದೆ ಎಂದು ಆ್ಯಪ್ ತೋರಿಸಿದರೂ, ಒಪ್ಪಿಗೆಯ ಗುಂಡಿ ಒತ್ತಿದ ಮೇಲೆ ವಿಚಾರಣೆ ದಾಖಲಾಗಬಹುದು. ಷರತ್ತನ್ನು ಓದಿಯೇ ಒತ್ತಿ.

ಮಾಲ್‌ನ ಮೇಜಿನ ವಿಷಯ ಬಂದಾಗ ನನಗೆ ಸಿಟ್ಟು ಬರುತ್ತದೆ. ಕಾರಣ ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ಶಿಕ್ಷಕ ದಂಪತಿ ಗೃಹಸಾಲಕ್ಕೆ ನನ್ನ ಬಳಿ ಬಂದರು. ಇಬ್ಬರೂ ಸರ್ಕಾರಿ ನೌಕರರು, ಕೈತುಂಬ ಸಂಬಳ, ಬೇರೆ ಸಾಲವಿಲ್ಲ. ಆದರೆ ಮೇಷ್ಟರ ವರದಿಯಲ್ಲಿ ವಸೂಲಾಗದೆ ಕೈಬಿಟ್ಟ ಸಾಲವೊಂದು ಕೂತಿತ್ತು. ವಿಚಾರಿಸಿದರೆ, ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಒಂದು ಮಳಿಗೆಯವರು ಒತ್ತಾಯಿಸಿ ಕೊಟ್ಟ ಕಾರ್ಡ್ ಅದು. ಅವರು ಅದನ್ನು ಒಮ್ಮೆಯೂ ಬಳಸಿರಲಿಲ್ಲ. 499 ರೂಪಾಯಿ ವಾರ್ಷಿಕ ಶುಲ್ಕ ಬಿದ್ದಿತ್ತು. ಬಿಲ್ ಹಳೆಯ ಬಾಡಿಗೆ ಮನೆಯ ವಿಳಾಸಕ್ಕೆ ಹೋಗುತ್ತಿತ್ತು. ಶುಲ್ಕದ ಮೇಲೆ ವಿಳಂಬ ಶುಲ್ಕ, ಅದರ ಮೇಲೆ ಬಡ್ಡಿ ಬೆಳೆದು ಸಾವಿರಗಳಾಗಿತ್ತು. ಅದನ್ನು ಸರಿಪಡಿಸಿ ಅಂಕ ಮೇಲೆ ಬರುವಷ್ಟರಲ್ಲಿ ಅವರು ಮುಂಗಡ ಕೊಟ್ಟಿದ್ದ ಮನೆ ಬೇರೆಯವರ ಪಾಲಾಯಿತು. ಮಕ್ಕಳಿಗೆ ಪಾಠ ಹೇಳಿಕೊಂಡು ನೆಮ್ಮದಿಯಾಗಿದ್ದ ಮನುಷ್ಯನಿಗೆ ಅದೆಂಥ ಅನ್ಯಾಯ!

ಈಗ ಕಾನೂನು ಎಷ್ಟೋ ಉತ್ತಮವಾಗಿದೆ. ರಿಸರ್ವ್ ಬ್ಯಾಂಕ್ 2022ರಲ್ಲಿ ಹೊರಡಿಸಿದ ಕಾರ್ಡ್ ನಿರ್ದೇಶನಗಳ ಪ್ರಕಾರ, ಕೇಳದೆ ಕಾರ್ಡ್ ಕೊಡುವಂತಿಲ್ಲ. ಕೊಟ್ಟ ಕಾರ್ಡನ್ನು 30 ದಿನ ದಾಟಿದರೂ ನೀವು ಚಾಲೂ ಮಾಡದಿದ್ದರೆ ಒಟಿಪಿ ಮೂಲಕ ನಿಮ್ಮ ಒಪ್ಪಿಗೆ ಕೇಳಬೇಕು. ಒಪ್ಪದಿದ್ದರೆ ಏಳು ಕೆಲಸದ ದಿನಗಳಲ್ಲಿ ಖರ್ಚಿಲ್ಲದೆ ಮುಚ್ಚಬೇಕು. ಚಾಲೂ ಆಗುವ ಮುಂಚೆ ಆ ಖಾತೆಯನ್ನು ಸಿಬಿಲ್‌ನಂತಹ ಸಂಸ್ಥೆಗಳಿಗೆ ವರದಿ ಮಾಡುವಂತಿಲ್ಲ. ಬಾಕಿಯಿಲ್ಲದ ಕಾರ್ಡನ್ನು ಮುಚ್ಚಿ ಎಂದು ನೀವೇ ಕೇಳಿದರೂ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು. ಆದರೂ ಮೇಜಿನ ಮೇಲೆ ಆಧಾರ್, ಪ್ಯಾನ್ ಕೊಟ್ಟು ಸಹಿ ಹಾಕಿದ ಗಳಿಗೆಯಲ್ಲಿ ವಿಚಾರಣೆಗೆ ನೀವು ಒಪ್ಪಿದಂತಾಯಿತು. ಜೀವನಪೂರ್ತಿ ಉಚಿತ ಎಂಬುದು ಆ ಹುಡುಗನ ಬಾಯಿಮಾತೋ, ಷರತ್ತಿನ ಹಾಳೆಯಲ್ಲಿ ಅಚ್ಚಾಗಿದೆಯೋ ನೋಡಬೇಕು.

ಮದುವೆಯ ಖರ್ಚಿನ ಬಗ್ಗೆ ಒಂದು ಮಾತು. ಹಣ ಕೂಡಿಟ್ಟಿದ್ದೇವೆ ಎಂದಿರಿ, ಬಹಳ ಒಳ್ಳೆಯದು. ಹಾಗಿದ್ದ ಮೇಲೆ ಒಂದೂವರೆ ಲಕ್ಷವನ್ನು ಕಾರ್ಡ್‌ಗೆ ಏಕೆ ಹಾಕಬೇಕು? ಎರಡು ಲಕ್ಷದ ಮಿತಿಯಲ್ಲಿ ಒಂದೂವರೆ ಲಕ್ಷ ಎಂದರೆ ಆ ಕಾರ್ಡಿನ ಬಳಕೆ ಶೇಕಡಾ 75. ಮಾಘದಲ್ಲಿ ಹಾಗೆ ಕಂಡು ಯುಗಾದಿಗೆ ಅರ್ಜಿ ಹೋದರೆ ಸಮಯ ತೀರ ಹತ್ತಿರವಾಗುತ್ತದೆ. ರಿವಾರ್ಡ್ ಅಂಕಗಳ ಆಸೆಗೆ ಹಾಕಿದರೂ ಬಿಲ್ ಬರುವ ಮುಂಚೆಯೇ ಕಟ್ಟಿ ಮುಗಿಸಿ. 2025ರ ಜನವರಿ 1ರಿಂದ ಬ್ಯಾಂಕುಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳುಹಿಸಬೇಕಾಗಿರುವುದರಿಂದ, ಕಟ್ಟಿದ್ದು ವರದಿಯಲ್ಲಿ ಮೊದಲಿಗಿಂತ ಬೇಗ ಕಾಣಿಸುತ್ತದೆ. ಕಂತುಗಳಾಗಿ ಮಾತ್ರ ಬದಲಾಯಿಸಿಕೊಳ್ಳಬೇಡಿ. ಆ ಕಂತನ್ನು ನಿಮ್ಮ ಸಂಬಳದಿಂದ ಕಳೆದೇ ಅಧಿಕಾರಿ ನಿಮ್ಮ ಸಾಲದ ಅರ್ಹತೆಯನ್ನು ಲೆಕ್ಕ ಹಾಕುತ್ತಾರೆ.

ಹತ್ತಿಪ್ಪತ್ತು ಅಂಕಕ್ಕೆ ಇಷ್ಟೆಲ್ಲ ಏಕೆ ಎಂದು ನಿಮಗೆ ಅನ್ನಿಸಬಹುದು. ಹಲವು ಬ್ಯಾಂಕುಗಳು ಅಂಕಗಳ ಮೆಟ್ಟಿಲು ಮಾಡಿ, ಒಂದೊಂದು ಮೆಟ್ಟಿಲಿಗೆ ಒಂದೊಂದು ಬಡ್ಡಿ ದರ ಇಟ್ಟಿರುತ್ತವೆ. 30 ಲಕ್ಷ, 20 ವರ್ಷ, ಶೇಕಡಾ 8.5 ಎಂದು ಉದಾಹರಣೆಗೆ ಇಟ್ಟುಕೊಳ್ಳಿ. ಕಂತು ಸುಮಾರು 26,035 ರೂಪಾಯಿ. ಅದೇ ಶೇಕಡಾ 8.75 ಆದರೆ 26,511. ತಿಂಗಳಿಗೆ 476 ರೂಪಾಯಿ ವ್ಯತ್ಯಾಸ, ಇಡೀ ಅವಧಿಗೆ 1,14,000ಕ್ಕೂ ಹೆಚ್ಚು. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಹೊಸ ಚರ ಬಡ್ಡಿಯ ಗೃಹಸಾಲಗಳೆಲ್ಲ ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರದಂತಹ ಹೊರಗಿನ ಮಾನದಂಡಕ್ಕೆ ಜೋಡಣೆಯಾಗಿವೆ. ರೆಪೊ ಇಳಿದರೆ ನಿಮ್ಮ ದರವೂ ಇಳಿಯುತ್ತದೆ, ನಿಜ. ಆದರೆ ಅದರ ಮೇಲೆ ನಿಮ್ಮ ಅಂಕ ನೋಡಿ ಸೇರಿಸಿದ ಭಾಗ ಸುಲಭವಾಗಿ ಕದಲುವುದಿಲ್ಲ. ಮಂಜೂರಾತಿಯ ದಿನದ ಅಂಕ ವರ್ಷಾನುಗಟ್ಟಲೆ ನಿಮ್ಮ ಜೊತೆಗಿರುತ್ತದೆ.

ಇನ್ನೂ ಒಂದು. ಮನೆ ಕಟ್ಟುವ ಸಾಲವನ್ನು ಒಂದೇ ಬಾರಿಗೆ ಕೊಡುವುದಿಲ್ಲ. ಪಾಯ, ಲಿಂಟಲ್, ಚಾವಣಿ ಎಂದು ಹಂತ ಹಂತವಾಗಿ ಬಿಡುಗಡೆ ಮಾಡುತ್ತಾರೆ. ನಡುವೆ ವರದಿಯನ್ನು ಮತ್ತೆ ನೋಡುವ ಬ್ಯಾಂಕುಗಳೂ ಇವೆ. ಮಂಜೂರಾತಿ ಪತ್ರ ಕೈಗೆ ಬಂತೆಂದು ಫ್ರಿಜ್ಜು, ಸೋಫಾಗಳಿಗೆ ಹೊಸ ಕಾರ್ಡ್ ತೆಗೆಯುವ ಕೆಲಸ ಕೊನೆಯ ಕಂತು ಬಿಡುಗಡೆಯಾಗುವವರೆಗೆ ಬೇಡ.

ಉತ್ತರ 3: ಕಬ್ಬು ಬೆಳೆಗಾರ, ಪಾಂಡವಪುರ ತಾಲ್ಲೂಕು

ಅಕ್ಕಾ, ಸಾಹೇಬರು ಕಾರ್ಡಿನ ವಿಷಯವನ್ನೆಲ್ಲ ಹೇಳಿದ್ದಾರೆ. ನಾನು ಬೇರೆ ಎರಡು ಮಾತು ಸೇರಿಸುತ್ತೇನೆ.

ಸಾಲ ಇಬ್ಬರ ಹೆಸರಿನಲ್ಲಿ ಎಂದಿರಿ. ಭಾವನವರ ಅಂಕ ಎಷ್ಟು ಎಂದು ಎಲ್ಲೂ ಬರೆದಿಲ್ಲ. ಬ್ಯಾಂಕಿನವರು ಇಬ್ಬರ ವರದಿಯನ್ನೂ ತರಿಸುತ್ತಾರೆ. ನೀವು ಒಂದು ಕಾರ್ಡಿಗೆ ಇಷ್ಟು ಯೋಚಿಸುತ್ತಿದ್ದೀರಿ, ಆ ಕಡೆಯ ವರದಿಯಲ್ಲಿ ಏನಿದೆಯೋ ಯಾರಿಗೆ ಗೊತ್ತು. ನಮ್ಮ ಊರುಗಳಲ್ಲಿ ಅಣ್ಣ ತಮ್ಮಂದಿರ ಟ್ರ್ಯಾಕ್ಟರ್ ಸಾಲಕ್ಕೆ, ಸ್ನೇಹಿತರ ಸಾಲಕ್ಕೆ ಜಾಮೀನು ಹಾಕುವುದು ಸಾಮಾನ್ಯ. ಜಾಮೀನುದಾರನ ವರದಿಯಲ್ಲೂ ಆ ಸಾಲ ಕಾಣುತ್ತದೆ, ಅವರು ಕಟ್ಟದಿದ್ದರೆ ನಮಗೂ ಪೆಟ್ಟು. ಬ್ಯಾಂಕಿನ ಬೆಳೆ ಸಾಲ, ಚಿನ್ನ ಅಡವಿಟ್ಟು ಪಡೆದ ಸಾಲ ಇವೂ ವರದಿಗೆ ಬರುತ್ತವೆ. ಒಡವೆ ಬಿಡಿಸಿಕೊಂಡ ಮೇಲೆ ಖಾತೆ ಮುಚ್ಚಿದೆಯೇ ಎಂದು ನೋಡುವವರು ಯಾರು? ಮೊದಲು ಅವರ ವರದಿ ತೆಗೆಸಿ ನೋಡಿ.

ಇನ್ನೊಂದು, ಬಿಲ್ ಕಟ್ಟುವ ಕಡೆಯ ದಿನಾಂಕದ ವಿಷಯ. ನಮಗೆ ಕಬ್ಬಿನ ಹಣ ಬರುವುದು ಕಾರ್ಖಾನೆಯಿಂದ. ಕಬ್ಬು ಸಾಗಿಸಿದ 14 ದಿನದೊಳಗೆ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದರೆ ನಾನು ಕಬ್ಬು ಹಾಕುವ ಕಾರ್ಖಾನೆಯಿಂದ ಆ ದಿನಕ್ಕೆ ಹಣ ಬಂದದ್ದು ಅಪರೂಪ. ನನ್ನ ಕಾರ್ಡಿನ ಬಿಲ್ ಕಟ್ಟುವ ದಿನ ತಿಂಗಳ 5, ಹಾಲಿನ ಡೈರಿಯ ಹಣ ಬರುವುದು ಆಮೇಲೆ. ಪ್ರತಿ ತಿಂಗಳೂ ಎದೆ ಹೊಡೆದುಕೊಳ್ಳುತ್ತಿತ್ತು. ಬಿಲ್ಲಿನ ಅವಧಿಯನ್ನು ನಮಗೆ ಬೇಕಾದಂತೆ ಬದಲಿಸಿಕೊಳ್ಳಲು ಒಮ್ಮೆಯಾದರೂ ಅವಕಾಶ ಕೊಡಬೇಕೆಂಬ ನಿಯಮ ಇದೆಯೆಂದು ಮಗಳು ಓದಿ ಹೇಳಿದಳು. ಕೇಳಿದೆ, ಬದಲಿಸಿಕೊಟ್ಟರು. ಈಗ ಹಾಲಿನ ಹಣ ಬಂದ ಮೇಲೆಯೇ ಕಡೆಯ ದಿನ ಬರುತ್ತದೆ. ನೀವು ಹೊಸ ಕಾರ್ಡ್ ತೆಗೆದುಕೊಂಡರೆ ಎರಡು ಕಾರ್ಡಿಗೆ ಎರಡು ಕಡೆಯ ದಿನ ಇರುತ್ತವೆ. ಸಂಬಳದ ದಿನಕ್ಕೆ ಹೊಂದಿಸಿಕೊಂಡು, ಪೂರ್ತಿ ಮೊತ್ತ ಖಾತೆಯಿಂದ ತಾನಾಗಿ ಹೋಗುವ ವ್ಯವಸ್ಥೆ ಮಾಡಿಕೊಳ್ಳಿ. ಕನಿಷ್ಠ ಮೊತ್ತ ಎಂದು ಗುರುತು ಹಾಕಿಬಿಟ್ಟೀರಿ, ಜೋಪಾನ. ನನ್ನ ಕಾರ್ಡಿನಲ್ಲಿ ಉಳಿದ ಬಾಕಿಗೆ ತಿಂಗಳಿಗೆ ಶೇಕಡಾ 3.5 ಬಡ್ಡಿ, ವರ್ಷಕ್ಕೆ 42. ಊರಿನ ಮೀಟರ್ ಬಡ್ಡಿಯವರನ್ನು ಬೈಯುತ್ತೇವೆ, ಇದನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ಪ್ರಶ್ನೆ ಕೇಳಿದವರು: ರೈಲು ಪ್ರಯಾಣಿಕೆ, ಮಂಡ್ಯ

ಎಲ್ಲರಿಗೂ ಹೃದಯಪೂರ್ವಕ ಧನ್ಯವಾದ. ಎರಡು ಹೊಸ ಕಾರ್ಡನ್ನೂ ಬಿಟ್ಟಿದ್ದೇನೆ. ಸಾಲಾಧಿಕಾರಿ ಸರ್ ಹೇಳಿದಂತೆ ಹಳೆಯ ಕಾರ್ಡಿನ ಮಿತಿ ಹೆಚ್ಚಿಸಲು ಕೇಳಿದೆ. ಹೊಸ ವಿಚಾರಣೆ ಇಲ್ಲದೆಯೇ 1,50,000ಕ್ಕೆ ಏರಿಸಿದರು. ಅದೇ 35,000 ಖರ್ಚು ಈಗ ಶೇಕಡಾ 23ರ ಹತ್ತಿರ ಬಂದಿದೆ.

ಪಾಂಡವಪುರದ ತಮ್ಮ ಹೇಳಿದ್ದು ಬಹಳ ಉಪಕಾರವಾಯಿತು. ಯಜಮಾನರ ವರದಿ ತೆಗೆದೆವು. ಅಂಕ 741. ಜಾಮೀನು ಯಾವುದೂ ಇಲ್ಲ. ಆದರೆ 2021ರಲ್ಲೇ ತೀರಿಸಿದ ಬೈಕ್ ಸಾಲ ಇನ್ನೂ ಚಾಲ್ತಿಯಲ್ಲಿದೆ ಎಂದು, 1,180 ರೂಪಾಯಿ ಬಾಕಿಯೊಂದಿಗೆ ತೋರಿಸುತ್ತಿದೆ. ಕೊನೆಯ ಕಂತಿನ ರಸೀದಿ ಮತ್ತು ಬೇಬಾಕಿ ಪತ್ರ ಎರಡೂ ಬೀರುವಿನಲ್ಲಿವೆ. ಸಾಲ ಕೊಟ್ಟ ಸಂಸ್ಥೆಯ ಶಾಖೆಗೆ ಫೋನ್ ಮಾಡಿದರೆ, 1,180 ಕಟ್ಟಿಬಿಡಿ, ಸೆಟಲ್‌ಮೆಂಟ್ ಮಾಡಿ ಮುಗಿಸುತ್ತೇವೆ ಎನ್ನುತ್ತಾರೆ. ಸಣ್ಣ ಮೊತ್ತ, ಕಟ್ಟಿ ಕೈತೊಳೆದುಕೊಳ್ಳೋಣ ಎಂದು ಯಜಮಾನರ ಅಭಿಪ್ರಾಯ. ಕಟ್ಟಬಹುದೇ?

ಉತ್ತರ 4: ನಿವೃತ್ತ ಸಾಲಾಧಿಕಾರಿ, ಮಂಡ್ಯ

ಬೇಡ ತಾಯಿ, ಹಾಗೆ ಮಾಡಬೇಡಿ. ಸೆಟಲ್‌ಮೆಂಟ್ ಎಂಬ ಪದ ವರದಿಯಲ್ಲಿ ಬಿದ್ದರೆ, ಪೂರ್ತಿ ಕಟ್ಟಲಾಗದೆ ಚೌಕಾಸಿ ಮಾಡಿ ಮುಗಿಸಿದವರು ಎಂದೇ ಅದನ್ನು ಓದುವ ಅಧಿಕಾರಿ ತಿಳಿಯುತ್ತಾರೆ. ನಿಮ್ಮ ಯಜಮಾನರು ಪೂರ್ತಿ ಕಟ್ಟಿದ್ದಾರೆ, ಬೇಬಾಕಿ ಪತ್ರವೂ ಇದೆ. ಅವರ ಖಾತೆಯ ಮುಂದೆ ಮುಕ್ತಾಯವಾಗಿದೆ ಎಂದೇ ಬರಬೇಕು. ಅದಕ್ಕಿಂತ ಕಡಿಮೆ ಯಾವುದನ್ನೂ ಒಪ್ಪಬೇಡಿ.

ಮೊದಲು ಸಾಲ ಕೊಟ್ಟ ಸಂಸ್ಥೆಗೆ ಫೋನ್ ಬಿಟ್ಟು ಇ-ಮೇಲ್‌ನಲ್ಲಿ ದೂರು ಕೊಡಿ. ಸಾಲದ ಸಂಖ್ಯೆ ಬರೆದು, ಬೇಬಾಕಿ ಪತ್ರ ಮತ್ತು ರಸೀದಿಯ ಪ್ರತಿ ಲಗತ್ತಿಸಿ. ಅದೇ ದಿನ ಸಿಬಿಲ್ ಜಾಲತಾಣದಲ್ಲಿ ಯಜಮಾನರ ಖಾತೆಯಿಂದ ತಿದ್ದುಪಡಿಗೆ ಮನವಿ ಹಾಕಿ. ಅದಕ್ಕೆ ಶುಲ್ಕವಿಲ್ಲ. ಎರಡರ ದೂರು ಸಂಖ್ಯೆಗಳನ್ನೂ ಬರೆದಿಟ್ಟುಕೊಳ್ಳಿ. 2023ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯ ಪ್ರಕಾರ, ದೂರು ಕೊಟ್ಟ 30 ದಿನಗಳೊಳಗೆ ಸರಿಪಡಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ದಿನಾಂಕಕ್ಕೆ ಸಾಕ್ಷಿ ಇರಲಿ ಎಂದೇ ಇ-ಮೇಲ್ ಮಾಡಿ ಎಂದದ್ದು. ಆಗಲೂ ಕದಲದಿದ್ದರೆ, ಗ್ರಾಹಕರ ದೂರು ಆಲಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು, ವಕೀಲರು ಬೇಕಿಲ್ಲ. 2022ರ ಸೆಪ್ಟೆಂಬರ್‌ನಿಂದ ಸಿಬಿಲ್‌ನಂತಹ ಸಂಸ್ಥೆಗಳೂ ಆ ಯೋಜನೆಯ ವ್ಯಾಪ್ತಿಗೆ ಬಂದಿವೆ.

ಸಿಬಿಲ್ ಒಂದನ್ನೇ ನೋಡಿ ನಿಲ್ಲಿಸಬೇಡಿ. ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಎಂದು ಇನ್ನೂ ಮೂರು ಸಂಸ್ಥೆಗಳಿವೆ. ನೀವು ಅರ್ಜಿ ಹಾಕುವ ಬ್ಯಾಂಕು ಯಾವುದನ್ನು ತರಿಸುತ್ತದೆಯೋ ಹೇಳಲಾಗದು. ಒಂದೊಂದು ಸಂಸ್ಥೆಯೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂದು 2017ರಿಂದ ನಿಯಮವಿದೆ. ಇಬ್ಬರದೂ ಸೇರಿ ಎಂಟು ವರದಿ, ಒಂದು ಭಾನುವಾರ ಕೂತರೆ ಮುಗಿಯುವ ಕೆಲಸ. ಬೈಕ್ ಸಾಲದ ತಪ್ಪು ಉಳಿದ ಮೂರರಲ್ಲೂ ಇದ್ದರೆ ಅಲ್ಲೂ ಮನವಿ ಹಾಕಿ. ಹೆಸರಿನ ಕಾಗುಣಿತ, ಜನ್ಮದಿನಾಂಕ, ಪ್ಯಾನ್ ಸಂಖ್ಯೆಯನ್ನೂ ಒಮ್ಮೆ ಹೋಲಿಸಿಕೊಳ್ಳಿ. ಒಂದೇ ಹೆಸರಿನವರ ಸಾಲ ಇನ್ನೊಬ್ಬರ ವರದಿಗೆ ಸೇರಿದ್ದನ್ನೂ ನಾನು ನೋಡಿದ್ದೇನೆ.

ಬೈಕಿನ ಆರ್‌ಸಿಯಲ್ಲಿ ಸಾಲ ಕೊಟ್ಟ ಸಂಸ್ಥೆಯ ಹೆಸರು ಇನ್ನೂ ಉಳಿದಿದ್ದರೆ ಅದನ್ನೂ ಸಾರಿಗೆ ಕಚೇರಿಯಲ್ಲಿ ತೆಗೆಸಿಬಿಡಿ. ಯುಗಾದಿ ಬಂದಾಗ ಯಾವ ಬ್ಯಾಂಕು ಎಂದು ಮೊದಲೇ ವಿಚಾರಿಸಿ ತೀರ್ಮಾನಿಸಿ, ಒಂದೇ ಕಡೆ ಅರ್ಜಿ ಕೊಡಿ. ದರ ತಿಳಿಯಲು ಶಾಖೆಗೆ ಹೋಗಿ ಬಾಯಲ್ಲಿ ಕೇಳಿದರೆ ಸಾಕು, ಎಲ್ಲರಿಗೂ ಪ್ಯಾನ್ ಸಂಖ್ಯೆ ಕೊಟ್ಟು ಬರಬೇಡಿ. ಸಾಲ ಕೊಟ್ಟ ಸಂಸ್ಥೆಯಿಂದ ಉತ್ತರ ಬಂದ ಮೇಲೆ ಇಲ್ಲಿ ತಿಳಿಸಿ. ಪತ್ರದ ಒಕ್ಕಣೆ ಹೇಗಿದೆ ಎಂದು ನೋಡಿ ಹೇಳುತ್ತೇನೆ.